ಮಾವನವರ ಇಟ್ಟಿಗೆ

ಸದಾಶಿವನಗರದ ಗುರುಪಾದಪ್ಪನವರು ಮೂವತ್ತು ವರ್ಷ ವಿಮೆ ಮಾರಿ ನಿವೃತ್ತರಾದವರು. ಬೆಂಕಿ, ನೆರೆ, ಭೂಕಂಪಗಳ ಭಯವನ್ನು ಊರಿಗೆಲ್ಲ ಹಂಚಿ, ಉಳಿದದ್ದನ್ನು ಮನೆಗೆ ತಂದಿದ್ದರು. ದಿನಾ ಬೆಳಿಗ್ಗೆ ಓಣಿಯ ವಾಟ್ಸಾಪ್ ಗುಂಪಿಗೆ ಒಂದು ‘ಗೃಹರಕ್ಷಣಾ ಸೂತ್ರ’ ದಯಪಾಲಿಸುತ್ತಿದ್ದರು. ಗ್ಯಾಸಿನ ಪೈಪು ನೋಡಿಕೊಳ್ಳಿ, ಮಳೆಗೆ ಮುಂಚೆ ಮಾಳಿಗೆಯ ಕಸ ತೆಗೆಯಿರಿ, ಹೀಗೆ. (ಅವರ ಮಾಳಿಗೆಯ ಕಸ ತೆಗೆದವರು ಹೆಂಡತಿ ಕಾಂತಕ್ಕ.)

ಹತ್ತನೆಯ ಸೂತ್ರದ ಹೊತ್ತಿಗೆ, ಅಡುಗೆಮನೆಯ ಬಾಗಿಲ ಮೂಲೆಯಿಂದ ಮೇಲೆ ಹತ್ತಿದ್ದ ಬಿರುಕೊಂದು ಅವರ ಕಣ್ಣಿಗೆ ಬಿತ್ತು.

“ನಾ ಆಗಽ ಹೇಳಿದ್ದೆ, ನಿಮ್ಮಪ್ಪನ ಇಟ್ಟಂಗಿ ಹಸೀ ಅದಾವು ಅಂತ!”

ಆ ಇಟ್ಟಿಗೆ ಖಾನಾಪುರದಲ್ಲಿ ಕಾಂತಕ್ಕನ ಅಪ್ಪನ ಭಟ್ಟಿಯಲ್ಲಿ ಸುಟ್ಟದ್ದು. ಮಗಳ ಮನೆಗೆಂದು ಲಾರಿಯಲ್ಲಿ ತಾವೇ ಕೂತು ತಂದು ಇಳಿಸಿದ್ದರು. ಈಗ ಅಪ್ಪನೂ ಇಲ್ಲ, ಭಟ್ಟಿಯೂ ಇಲ್ಲ. ಉಳಿದದ್ದು ಈ ಗೋಡೆಯೊಂದೇ.

“ನಮ್ಮಪ್ಪನ ಇಟ್ಟಂಗಿ ಬಡದ್ರ ಗಂಟಿ ಹಂಗ ಟಣ್ ಅಂತಿದ್ವು. ಹಸೀ ಇರೂದು ನಿಮ್ಮ ಬುದ್ಧಿ!” ಎಂದರು ಕಾಂತಕ್ಕ.

ಮಾತಿನಲ್ಲಿ ಸೋತ ಗುರುಪಾದಪ್ಪನವರು ಎಂದಿನಂತೆ ಎದ್ದು, ಬಾಗಿಲು ಎಳೆದುಕೊಂಡು ಹೋದರು.

ಗೋಡೆ ಕಟ್ಟುವ ಗೌಂಡಿ ಮುತ್ತಪ್ಪ ಬಂದು ನೋಡಿದ. “ಬಿರುಕಿನ ಮ್ಯಾಲೆ ಕಾಗದದ ಪಟ್ಟಿ ಅಂಟಸ್ರಿ, ತಾರೀಖ ಬರೀರಿ. ಹರೀತಂದ್ರ ಗ್ವಾಡಿ ಸರ್ಯಾಕತ್ತೈತಿ ಅಂತ. ಆಮ್ಯಾಲ ಕೆಡವೂದಽ.”

ರೊಟ್ಟಿ ಬಡಿಯುತ್ತಿದ್ದ ಕಾಂತಕ್ಕನ ಕೈ ನಿಂತಿತು.

ಸೋಮವಾರದ ಪಟ್ಟಿ ಸಂಜೆಗೇ ಹರಿಯಿತು. ಮಂಗಳವಾರ ಅಂಟಿಸಿದ್ದು ಅಂದು ಉಳಿದು, ಬುಧವಾರ ಹರಿಯಿತು. ಶುಕ್ರವಾರ ಎರಡು ಸಲ ಹರಿಯಿತು. ‘ಕಳಪೆ ಇಟ್ಟಿಗೆಯಿಂದ ಎಚ್ಚರ!’ ಎಂದು ಫೋಟೋ ಸಮೇತ ಗುಂಪಿಗೆ ಸೂತ್ರ ಹೋಯಿತು. ಕಾಂತಕ್ಕ ಅದನ್ನು ಓದಿ ಗೋಡೆಗೆ ಅಂಗೈ ಊರಿ ನಿಂತರು. ಅದನ್ನು ಕಂಡು ಗುರುಪಾದಪ್ಪನವರ ಕರುಳು ಚುರ್ ಎಂದಿತು. ಆದರೆ ವಿಮೆಯವರ ಕರುಳಿಗೂ ನಿಯಮಗಳಿರುತ್ತವೆ.

ರವಿವಾರ ಮುತ್ತಪ್ಪ ಸುತ್ತಿಗೆ ಹಿಡಿದು ಬಂದ. ಹರಿದ ಪಟ್ಟಿಗಳ ತಾರೀಖು ನೋಡಿ ತಲೆ ಕೆರೆದುಕೊಂಡ. “ಸೋಮವಾರ ಏನಾಗಿತ್ರೀ ಅಕ್ಕಾರ?”

“ಝುಣಕದಾಗ ಉಪ್ಪ ಹೆಚ್ಚಾಗಿತ್ತು.”

“ಬುಧವಾರ?”

“ಇವರ ಚಷ್ಮಾ ಸಿಗಲಿಲ್ಲ. ತಲೀ ಮ್ಯಾಲಽ ಇತ್ತು.”

“ಮಂಗಳವಾರ ಹರಿದಿಲ್ಲಲಾ?”

“ಅವತ್ತ ಇವರು ನಂದಗಡಕ್ಕ ಹೋಗಿದ್ರು.”

ಮುತ್ತಪ್ಪ ಬಾಗಿಲು ನೋಡಿದ, ಯಜಮಾನರನ್ನು ನೋಡಿದ. “ಸಾಹೇಬ್ರ, ಸಿಟ್ಟ ಬಂದಾಗ ಹೆಂಗ ಹೊರಗ ಹೋಗ್ತೀರಿ, ಹಂಗ ಒಮ್ಮೆ ಹೋಗ್ರಿ.”

“ನನಗ ಸಿಟ್ಟಽ ಬರೂದಿಲ್ಲ!” ಎಂದು ಗುಡುಗಿ ಗುರುಪಾದಪ್ಪನವರು ಹೊರನಡೆದರು.

ಢಂ! ನಿನ್ನೆಯಿಂದ ಗಟ್ಟಿಯಾಗಿದ್ದ ಪಟ್ಟಿ ಪರ್ರನೆ ಹರಿಯಿತು.

ಮುತ್ತಪ್ಪ ಗೋಡೆಯ ಗಾರೆ ಕೆತ್ತಿ ಇಟ್ಟಿಗೆಯನ್ನು ಸುತ್ತಿಗೆಯಿಂದ ಮೆಲ್ಲಗೆ ಬಡಿದ. ಟಣ್ ಎಂದಿತು.

“ಚೌಕಟ್ಟ ಸಡ್ಲಾಗೇತಿ, ಬಿಗೀ ಮಾಡಿ ಬಾಗಲಕ್ಕ ರಬ್ಬರ ಹಚ್ಚಿದ್ರ ಮುಗೀತು. ಬ್ಯಾರೆ ಇಟ್ಟಂಗಿ ಆಗಿದ್ರ ಈ ಬಡತಕ್ಕ ಎಂದೋ ಬೀಳ್ತಿತ್ರಿ. ಸುಟ್ಟಾವ ಖರೇ ಮನಶಾ.”

ಕಾಂತಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. ಬಾಗಿಲಾಚೆಯಿಂದ ಸಣ್ಣ ದನಿ ಕೇಳಿತು: “ಒಳಗ ಬರಲೇನು?”

“ಬರ್ರಿ. ಮೆಲ್ಲಕ.”

ಮರುದಿನ ಬೆಳಿಗ್ಗೆ ಗುಂಪಿಗೆ ಹೊಸ ಸೂತ್ರ ಬಂತು: ‘ಬಾಗಿಲನ್ನು ಮೆಲ್ಲಗೆ ಹಾಕಿರಿ. ನಮ್ಮ ಮಾವನವರ ಇಟ್ಟಿಗೆ ಗಟ್ಟಿ ಇದ್ದವು, ತಾಳಿಕೊಂಡವು. ಅವರ ಮಗಳೂ.’

ಅಲ್ಲಿಯವರೆಗೆ ಯಾವ ಸೂತ್ರಕ್ಕೂ ಕಿಮ್ಮತ್ತು ಕೊಡದ ಓಣಿಯ ಹೆಂಗಸರೆಲ್ಲ ಹೆಬ್ಬೆರಳೆತ್ತಿದರು. ಮೊದಲು ಎದ್ದದ್ದು ಕಾಂತಕ್ಕನದು.