ಸೊನ್ನದ ಹಿನ್ನೀರಿನಲ್ಲಿ ಅಲೆಯ ಪಾಠ

ಕಾಣದ್ದನ್ನು ಕಂಡಂತೆ ಹೇಳುವುದರಲ್ಲಿ ನಮ್ಮಂಥ ಮೇಷ್ಟ್ರುಗಳನ್ನು ಮೀರಿಸುವವರಿಲ್ಲ. ಅಫಜಲಪುರದ ಶಾಲೆಯೊಂದರಲ್ಲಿ ಇಪ್ಪತ್ತು ವರ್ಷಗಳಿಂದ ವಿಜ್ಞಾನ ಹೇಳುತ್ತಿರುವ ನಾನು ಸಮುದ್ರ ನೋಡಿದವನಲ್ಲ. ಆದರೂ ಅಲೆಗಳ ಪಾಠ ಬಂತೆಂದರೆ ನನಗೊಂದು ಬಗೆಯ ಅಮಲು. ಕಿಟಕಿಯಾಚೆ ತೊಗರಿ ಹೊಲ ಗಾಳಿಗೆ ತೂಗುತ್ತಿರುತ್ತದೆ. ಅದನ್ನೇ ನೋಡುತ್ತ, ಕಣ್ಣು ಅರೆಮುಚ್ಚಿ ಮಾತು ಶುರುಮಾಡಿದರೆ ಗಂಟೆ ಬಾರಿಸಿದ್ದೂ ತಿಳಿಯುವುದಿಲ್ಲ. ಮಕ್ಕಳಿಗೂ ತಿಳಿಯುವುದಿಲ್ಲ, ಅರ್ಧಕ್ಕರ್ಧ ಜನ ನಿದ್ದೆಯಲ್ಲಿರುತ್ತಾರೆ.

ಈ ವರ್ಷ ಅಲೆಯಿಂದ ಕರೆಂಟು ತೆಗೆಯುವ ಯಂತ್ರಗಳ ವಿಷಯ ಹೇಳುತ್ತಿದ್ದೆ. "ಸಮುದ್ರದಾಗ ಈ ತೇಲೋ ಯಂತ್ರ ಸಾಲಾಗಿ ನಿಲ್ಲಿಸಿದ್ರ, ಅಲೆಯ ಶಕ್ತಿ ಪೂರಾ ಅವೇ ನುಂಗ್ತಾವ. ಅವುಗಳ ಹಿಂದ ದಂಡಿತನಕ ನೀರು ಬಾವಿ ನೀರಿನಂಗ ಸುಮ್ಮ ನಿಂತುಬಿಡ್ತದ" ಎಂದೆ. ಹಿಂದಿನ ಬೆಂಚಿನಲ್ಲಿ ನಾಗವೇಣಿ ಟೀಚರ್ ಕೂತಿದ್ದರು. ಗಣಿತ ಹೇಳಲು ಆ ತಿಂಗಳಷ್ಟೇ ಬಂದವರು. ಹಿರಿಯರ ಪಾಠ ಕೇಳಿ ಕಲಿಯಲಿ ಎಂದು ಹೆಡ್‌ಮಾಸ್ತರರು ನನ್ನ ತರಗತಿಗೆ ಕಳಿಸಿದ್ದರು. ಆಕೆ ಹೊನ್ನಾವರದ ಕಡೆಯ ಮೀನುಗಾರರ ಮನೆಯ ಮಗಳೆಂಬುದು ಹೆಡ್‌ಮಾಸ್ತರರಿಗೂ ಹೊಳೆದಿರಲಿಲ್ಲ, ನನಗೂ.

ಪಾಠ ಮುಗಿದ ಮೇಲೆ ಆಕೆ ಮೆಲ್ಲಗೆ ಬಂದರು. "ಸರ್, ತಪ್ಪು ತಿಳೀಬೇಡಿ. ತೆರೆ ಹಾಗೆ ಪೂರ್ತಿ ನಿಲ್ಲೂದಿಲ್ಲ. ಯಂತ್ರದ ಹಿಂದೆ ಸಣ್ಣದಾಗ್ತದೆ. ಆಮೇಲೆ ಆಚೀಚೆಯಿಂದ ಸುತ್ತಿಕೊಂಡು ಮತ್ತೆ ಒಳಗೆ ಬರ್ತದೆ. ಯಂತ್ರ ದಡದಿಂದ ದೂರ ಇದ್ರೆ ಅಷ್ಟೇನೂ ಗೊತ್ತಾಗೂದಿಲ್ಲ. ಹತ್ತಿರ ಇದ್ರೆ ಮರಳು ಕೂರೋ ಜಾಗವೇ ಬದಲಾಗಬಹುದು. ನಮ್ಮಪ್ಪ ದೋಣಿ ಎಳೆದಿಡೂದು ಆ ಮರಳಿನ ಮೇಲೇ."

"ಬುಕ್ಕಿನಾಗ ಹಂಗಿಲ್ರಿ" ಎಂದುಬಿಟ್ಟೆ. ಬುಕ್ಕಿನಲ್ಲಿ ಹಾಗೂ ಇರಲಿಲ್ಲ, ಹೀಗೂ ಇರಲಿಲ್ಲ; ಬಾವಿ ನೀರಿನ ಮಾತು ನನ್ನದೇ. ಎರಡು ದಿನ ಆಕೆಯ ಕಣ್ಣು ತಪ್ಪಿಸಿ ಓಡಾಡಿದೆ. ಆಕೆಯೋ ಯಾರ ಮುಂದೆಯೂ ಈ ಮಾತು ಎತ್ತಲಿಲ್ಲ. ಅದೇ ನನ್ನನ್ನು ಹೆಚ್ಚು ಚುಚ್ಚಿತು. ಮೂರನೆಯ ದಿನ ನಾನೇ ಹೋಗಿ, "ನಡೀರಿ ಟೀಚರ್, ನೋಡೇ ಬಿಡೋಣ" ಎಂದೆ.

ಹೀಗೆ ಒಂದು ಭಾನುವಾರ ಇಡೀ ತರಗತಿ, ತೇಲುವ ಯಂತ್ರಗಳ ಬದಲಿಗೆ ಮುಚ್ಚಳ ಬಿಗಿದ ಖಾಲಿ ಎಣ್ಣೆ ಕ್ಯಾನುಗಳು, ಒಂದು ಹಗ್ಗ, ಎಲ್ಲ ಟೆಂಪೋದಲ್ಲಿ ಸೊನ್ನಕ್ಕೆ ಹೊರಟವು. ಅಲ್ಲಿನ ಬ್ಯಾರೇಜಿನಿಂದ ದೂರ, ಭೀಮೆಯ ಹಿನ್ನೀರು ತೆಳುವಾಗಿ ಹರಡಿದ್ದಲ್ಲಿ ಇಳಿದೆವು. ಪಡುವಣ ಗಾಳಿಗೆ ನೀರಿನ ಮೇಲೆ ಸಣ್ಣ ಸಣ್ಣ ಅಲೆಗಳು ಸಾಲುಗಟ್ಟಿ ಬರುತ್ತಿದ್ದವು. ಕ್ಯಾನುಗಳನ್ನು ಹಗ್ಗಕ್ಕೆ ಕಟ್ಟಿ, ಆ ತುದಿ ಟೀಚರ್, ಈ ತುದಿ ನಾನು, ಮೊಣಕಾಲುದ್ದ ನೀರಿನಲ್ಲಿ ಹಿಡಿದು ನಿಂತೆವು. ಕ್ಯಾನುಗಳ ಹಿಂದೆ ನೀರು ಸುಮ್ಮನಾಯಿತು. "ನೋಡ್ರೋ!" ಎಂದು ಕೂಗಿದೆ. ಕೂಗಿ ಮುಗಿಯುವಷ್ಟರಲ್ಲಿ ಎರಡೂ ತುದಿಗಳಿಂದ ಅಲೆಗಳು ಮೆಲ್ಲಗೆ ಬಾಗಿ ಒಳಗೆ ಬಂದು, ಒಂದಕ್ಕೊಂದು ಸೇರಿ, ದಂಡೆಯನ್ನು ನೆಕ್ಕತೊಡಗಿದವು.

ಗೊಬ್ಬೂರಿನಿಂದ ಶಾಲೆಗೆ ಬರುವ ಹುಡುಗಿ ಶಿವಲೀಲಾ ದಂಡೆಯಿಂದಲೇ ಹೇಳಿದಳು: "ಸರ್, ನೀರು ಪೂರಾ ಸುಮ್ಮ ನಿಂದರಲಿಲ್ರಿ."

"ಇಲ್ಲವ್ವ. ನಾ ಹೇಳಿದ್ದು ತಪ್ಪು. ಟೀಚರ್ ಹೇಳಿದ್ದು ಖರೇ" ಎಂದೆ. ಇಪ್ಪತ್ತು ವರ್ಷ ಗಂಟಲಲ್ಲೇ ಇದ್ದ ಮಾತು ನೀರಿನಲ್ಲಿ ಎಷ್ಟು ಸಲೀಸಾಗಿ ಹೊರಬಂತು! ಮಕ್ಕಳು ನಗಲಿಲ್ಲ, ನೀರಿಗಿಳಿದು ತಾವೂ ಹಗ್ಗ ಹಿಡಿದರು.

ನಾಗವೇಣಿ ಟೀಚರ್ ಕಲ್ಲಿನ ಮೇಲೆ ಕೂತು ಕಾಲು ನೀರಿಗಿಳಿಬಿಟ್ಟು ಕಣ್ಣು ಮುಚ್ಚಿದ್ದರು. "ಊರು ಬಿಟ್ಟ ಮೇಲೆ ಈ ಸಪ್ಪಳ ಕೇಳಿದ್ದು ಇವತ್ತೇ, ಸರ್" ಎಂದರು. ನಾನೂ ಕಿವಿಗೊಟ್ಟೆ. ಚಳ್, ಚಳ್. ಬಿಸಿಲು, ಗಾಳಿ, ನೀರು ಎಲ್ಲ ಒಂದೇ ಲಯದಲ್ಲಿ ತೂಗತೊಡಗಿದವು. ಕೇಳುತ್ತ ಕೇಳುತ್ತ ನಾನು ಎಲ್ಲಿದ್ದೇನೆಂಬುದೇ ಮರೆತು, ಕಾಲು ಜಾರಿ, ಸೊಂಟದ ತನಕ ಕೆಸರಿನಲ್ಲಿ ಕೂತುಬಿಟ್ಟೆ. ಈಗ ಮಕ್ಕಳು ನಕ್ಕರು.

ಸಂಜೆ ಮನೆಯ ಬಾಗಿಲಲ್ಲೇ ಹೆಂಡತಿ ಮಹಾದೇವಿ ತಡೆದಳು. "ಏನ್ರಿ ಇದು ಅವತಾರ?"

"ಅಲೆಯ ಶಕ್ತಿ ಎಲ್ಲಿ ಹೋಗ್ತದ ಅಂತ ನೋಡಿ ಬಂದೆ."

"ಹಂಗಾರ ಆ ಪ್ಯಾಂಟ ನೀವೇ ಒಗಕೋರಿ" ಎಂದು ಬಕೆಟ್ಟು ತಂದಿಟ್ಟಳು.

ಒಗೆದೆ. ಕೆಸರು ಬಿಡುವ ತನಕ ಬಕೆಟ್ಟಿನಲ್ಲಿ ಅಲೆಯ ಮೇಲೆ ಅಲೆ ಎಬ್ಬಿಸಿದೆ. ಆ ಶಕ್ತಿ ಎಲ್ಲಿಂದ ಬರುತ್ತದೆ ಎಂಬುದು ಮರುದಿನ ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದಾಗ ನೋಯುತ್ತಿದ್ದ ರಟ್ಟೆಗೆ ಸರಿಯಾಗಿ ಅರ್ಥವಾಯಿತು.