ನನ್ನ ಓರಗಿತ್ತಿ ಡಚೆಸ್ ಆದದ್ದು

ನಮ್ಮ ಮನೆತನದಲ್ಲಿ ಒಬ್ಬರು ಡಚೆಸ್ ಇದ್ದಾರೆ ಎಂದರೆ ನೀವು ನಂಬುವುದಿಲ್ಲ. ನಂಬದಿದ್ದರೂ ಅಡ್ಡಿಯಿಲ್ಲ, ಮೊದಮೊದಲು ನಾನೂ ನಂಬಿರಲಿಲ್ಲ. ಆದರೆ ಐರ್ಲೆಂಡಿನ ಬ್ಲಾಂಚರ್ಡ್ಸ್‌ಟೌನಿನ ನಮ್ಮ ಬೀದಿಗೆ ಕಸದ ಲಾರಿ ಬರುವ ದಿನ ಬೆಳಿಗ್ಗೆ ಒಮ್ಮೆ ಬಂದು ನೋಡಿ. ಸಾಲಾಗಿ ನಿಂತ ಕಸದ ಡಬ್ಬಿಗಳ ನಡುವೆ, ರೇಷ್ಮೆ ಸೀರೆಯ ಮೇಲೆ ಉದ್ದ ಕೋಟು ತೊಟ್ಟು, ಮಣಿಕಟ್ಟು ಮಾತ್ರ ಅಲ್ಲಾಡುವಂತೆ ಕೈಬೀಸುತ್ತ, ಲಾರಿಯವನಿಗೆ ಮಂದಹಾಸ ದಯಪಾಲಿಸುವ ಹೆಂಗಸೊಬ್ಬರು ಕಾಣುತ್ತಾರೆ. ಆಗ ನಿಮಗೂ ಬೇರೆ ಪದ ಹೊಳೆಯುವುದಿಲ್ಲ! ಅವರೇ ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅವರನ್ನು ಅಕ್ಕ ಎಂದು ಕರೆಯುತ್ತೇನೆ. ಅವರ ಮನೆ ನಮ್ಮ ಮನೆಯಿಂದ ಎರಡು ಬಾಗಿಲು ಆಚೆ. ಆದ್ದರಿಂದ ಡಚೆಸ್ ಸವಾರಿ ಎಲ್ಲಿಗೆ ಹೊರಟರೂ ಹಿಂದೆ ಕೈಚೀಲ ಹಿಡಿದು ನಡೆಯುವ ಪರಿಚಾರಿಕೆಯ ಹುದ್ದೆ ಅರ್ಜಿ ಹಾಕದೆಯೇ ನನಗೆ ಸಿಕ್ಕಿದೆ.

ಡಚೆಸ್ ಪದವಿಯ ಅನುಕೂಲವೇನೆಂದರೆ ಅದಕ್ಕೆ ಅರಮನೆಯಲ್ಲಿ ಹುಟ್ಟಿರಬೇಕಾಗಿಲ್ಲ, ಡ್ಯೂಕನೊಬ್ಬನನ್ನು ಕಟ್ಟಿಕೊಂಡರೆ ಸಾಕು. ಅಕ್ಕನ ಪಾಲಿನ ಡ್ಯೂಕ್ ನಮ್ಮ ಭಾವ. ಭಾವ ಕಂಪ್ಯೂಟರಿನ ಮುಂದೆ ಕೂತರೆ ಊಟಕ್ಕೂ ಏಳದ, ನಾಲ್ಕು ಜನ ಸೇರಿದಲ್ಲಿ ಗೋಡೆಗೆ ಅಂಟಿಕೊಳ್ಳುವ ಸ್ವಭಾವದವರು. ನಮ್ಮ ಕಡೆಯ ಪುಟ್ಟ ಕನ್ನಡ ಸಂಘದ ವಾರ್ಷಿಕ ಸಭೆಯಲ್ಲಿ ಮುಂದಿನ ಅಧ್ಯಕ್ಷರು ಯಾರು ಎಂಬ ಪ್ರಶ್ನೆ ಎದ್ದಾಗ, ಅಲ್ಲಿದ್ದವರೆಲ್ಲ ತಮ್ಮ ತಮ್ಮ ಶೂಗಳನ್ನು ಅದೇ ಮೊದಲ ಸಲ ಕಾಣುವವರಂತೆ ನೋಡುತ್ತ ಕೂತರು. ಭಾವ ಮಾತ್ರ ಆ ಹೊತ್ತಿಗೆ ಟೀ ತರಲು ಹೊರಗೆ ಹೋಗಿದ್ದರು. ಲೋಟ ಹಿಡಿದು ಒಳಗೆ ಕಾಲಿಟ್ಟವರಿಗೆ ಕಿವಿಗಡಚಿಕ್ಕುವ ಚಪ್ಪಾಳೆ! ತಾವು ತಂದ ಟೀಗೆ ಇಷ್ಟು ಮರ್ಯಾದೆಯೇ ಎಂದು ಅವರು ಬೆರಗಾಗಿ ನಿಂತಾಗಲೇ ಕೊರಳಿಗೆ ಹಾರ ಬಿದ್ದಿತ್ತು.

ಭಾವನ ಪ್ರಕಾರ ಅಧ್ಯಕ್ಷನೆಂದರೆ ಸಭಾಂಗಣ ಬುಕ್ ಮಾಡುವವನು. ಅಕ್ಕನ ಲೆಕ್ಕ ಬೇರೆಯೇ ಇತ್ತು. ಪಕ್ಕದ ದೇಶದ ಅರಮನೆಯ ಸೊಸೆಯೊಬ್ಬಳು ಆಸ್ಪತ್ರೆಗೆ ಹೋಗುವುದು, ಗಿಡ ನೆಡುವುದು, ಮಕ್ಕಳ ಮುಂದೆ ಮಂಡಿಯೂರಿ ಮಾತಾಡುವುದು, ಎಲ್ಲವನ್ನೂ ಅವರು ಟಿವಿಯಲ್ಲಿ ಕಣ್ಣಲ್ಲಿ ಕಣ್ಣಿಟ್ಟು ನೋಡಿದವರು. "ಅವಳೆಂತ ರಾಣಿ ಹೊಟ್ಟೇಲಿ ಹುಟ್ಟಿದ್ದಾ? ಮದುವೆಯಾಗಿ ಬಂದದ್ದು, ನನ್ನ ಹಾಗೆ. ಗಂಡನಿಗೆ ಹುದ್ದೆ ಬಂದ ಮೇಲೆ ಹೆಂಡ್ತಿಗೂ ಕರ್ತವ್ಯ ಉಂಟಲ್ಲ ಮಾರಾಯ್ತಿ!" ಎಂದು ನನಗೆ ವಿವರಿಸಿದರು. ಕರ್ತವ್ಯಗಳು ಮರುದಿನವೇ ಶುರುವಾದವು.

ಇದೆಲ್ಲ ಬರೀ ಶೋಕಿ ಎಂದುಕೊಂಡರೆ ಅಕ್ಕನಿಗೆ ಅನ್ಯಾಯ ಮಾಡಿದಂತೆ. ಇದರ ಬೇರು ಉಡುಪಿಯಲ್ಲಿತ್ತು. ಅಲ್ಲಿ ಮಗನ ಮನೆಯಲ್ಲಿದ್ದ ಅವರ ಅಮ್ಮ ದಿನಾ ವಿಡಿಯೋ ಕಾಲಿಗೆ ಬಂದು ಒಂದೇ ಪ್ರಶ್ನೆ ಕೇಳುತ್ತಿದ್ದರು. "ಎಂತಾದ್ರೂ ಹೆಚ್ಚುಕಮ್ಮಿ ಆದ್ರೆ ಮನೆಯವರನ್ನು ಬಿಟ್ಟು ನಿನ್ನ ಬಾಗಿಲಿಗೆ ಬರ್ಲಿಕ್ಕೆ ಅಲ್ಲಿ ಯಾರಿದ್ದಾರೆ?" ಮಗಳು ಏನಡುಗೆ ಮಾಡಿದಳು, ಚಳಿ ಎಷ್ಟಿದೆ, ಮೊಮ್ಮಗಳು ಓದುತ್ತಾಳೋ ಇಲ್ಲವೋ ಎಲ್ಲ ಆದ ಮೇಲೂ ಮಾತು ಸುತ್ತಿ ಅಲ್ಲಿಗೇ ಬರುತ್ತಿತ್ತು. ಅಕ್ಕ ಆ ಪ್ರಶ್ನೆಯನ್ನು ಮಗ್ಗುಲ ಮುಳ್ಳಿನಂತೆ ಹೊತ್ತು ತಿರುಗುತ್ತಿದ್ದರು. ಅಮ್ಮನಿಗೆ ಒಂದು ದಿನ ಸರಿಯಾದ ಉತ್ತರ ಕೊಡಬೇಕು ಎಂಬುದೇ ಅವರ ಆಡಳಿತದ ಏಕೈಕ ಗುರಿಯಾಗಿತ್ತು.

ಮೊದಲ ಸಾರ್ವಜನಿಕ ಸಮಾರಂಭ ಡನ್ ಲಿಯರಿಯಲ್ಲಿ. ಸಮುದ್ರದೊಳಕ್ಕೆ ಚಾಚಿದ ಅಲ್ಲಿನ ಕಲ್ಲುಕಟ್ಟೆಯ ಮೇಲೆ ಸಂಘದವರೆಲ್ಲ ಒಂದು ಭಾನುವಾರ ಸುಮ್ಮನೆ ವಾಕಿಂಗ್ ಹೋಗೋಣ ಎಂದದ್ದಷ್ಟೆ. ಅಕ್ಕ ಅದನ್ನು ಪಾದಯಾತ್ರೆ ಎಂದು ಘೋಷಿಸಿ, ಕಟ್ಟೆಯ ಈ ಬದಿಯಿಂದ ಆ ಬದಿಗೆ ಕೆಂಪು ರಿಬ್ಬನ್ ಎಳೆಸಿದರು. ತಲೆಯ ಮೇಲೆ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಕೊಂಡ, ಗರಿ ಸಿಕ್ಕಿಸಿದ ನೇರಳೆ ಟೋಪಿ. ಕತ್ತರಿ ಎಲ್ಲಿ? ನನ್ನ ಚೀಲದ ತಳದಲ್ಲಿ! ನಾನು ಹುಡುಕುತ್ತಿರುವಾಗ ರಿಬ್ಬನ್ನಿನ ಆಚೆ ನಾಯಿ ಹಿಡಿದವರು, ಮಗುವಿನ ಗಾಡಿ ತಳ್ಳುವವರು ಒಬ್ಬರ ಹಿಂದೊಬ್ಬರು ಬಂದು ನಿಂತರು. ಈ ದೇಶದಲ್ಲಿ ಒಂದು ದಾರ ಕಟ್ಟಿದರೆ ಸಾಕು, ಜನ ಯಾಕೆ ಎಂದು ಕೇಳದೆ ಸಾಲು ನಿಲ್ಲುತ್ತಾರೆ. ಕೊನೆಗೆ ಮುದುಕರೊಬ್ಬರು ಇದು ಯಾವ ಒಳ್ಳೆಯ ಕೆಲಸಕ್ಕಮ್ಮ ಎಂದು ವಿಚಾರಿಸಿ, ಉತ್ತರಕ್ಕೂ ಕಾಯದೆ ಡಚೆಸ್ ಅಂಗೈಗೆ ಒಂದು ನಾಣ್ಯ ಹಾಕಿ ರಿಬ್ಬನ್ ಕೆಳಗೆ ನುಸುಳಿ ಹೋದರು. ಅದೇ ಹೊತ್ತಿಗೆ ಗಾಳಿ ಬೀಸಿ ಟೋಪಿ ಸಮುದ್ರ ಸೇರಿತು. "ಹೋಗ್ಲಿ, ಗಂಗಾಪೂಜೆ ಆಯ್ತು" ಎಂದು ಅಕ್ಕ ತಲೆ ನೇವರಿಸಿಕೊಂಡು ರಿಬ್ಬನ್ ಕತ್ತರಿಸಿದರು.

ಇನ್ನು ಡಚೆಸ್ ಆದವರಿಗೆ ಜನರನ್ನು ಮಾತಾಡಿಸುವ ಕಲೆ ಗೊತ್ತಿರಬೇಕಷ್ಟೆ. ಅಕ್ಕ ಟಿವಿ ನೋಡಿ ಎರಡು ಪ್ರಶ್ನೆ ಕಲಿತಿದ್ದರು: "ದೂರದಿಂದ ಬಂದ್ರಾ?" ಮತ್ತು "ನಿಮ್ಮ ಕೆಲಸ ಎಂತ?" ಮೊದಲನೆಯದನ್ನು ಯುಗಾದಿಯ ದಿನ ಬಾಗಿಲಲ್ಲಿ ನಿಂತು ನನಗೇ ಕೇಳಿದರು. ಎರಡು ಬಾಗಿಲು ಆಚೆಯಿಂದ ಬಂದವಳು ಏನೆನ್ನಲಿ? ಎರಡನೆಯದನ್ನು ಹತ್ತಿರದ ಮೇನೂತ್ ಎಂಬ ಊರಿನ ವಿದ್ಯಾರ್ಥಿಗಳ ಕೂಟದಲ್ಲಿ ಒಬ್ಬ ಸಂಶೋಧಕನಿಗೆ ಕೇಳಿದರು. ಅವನು ಜೌಗುನೆಲದ ಪಾಚಿಯ ಬಗ್ಗೆ ಓದುತ್ತಿದ್ದವನು. ಪಾಪ, ಆತನನ್ನು ಅದುವರೆಗೆ ಯಾರೂ ಕೇಳಿರಲಿಲ್ಲವೋ ಏನೋ, ಶುರು ಮಾಡಿದವನು ಅನ್ನ ಆರಿ, ಸಾರು ಆರಿ, ನನ್ನ ಕಾಲು ಜೋಮು ಹಿಡಿದರೂ ನಿಲ್ಲಿಸಲಿಲ್ಲ. ಅಕ್ಕ ಒಂದು ಸಲವೂ ಆಕಳಿಸಲಿಲ್ಲ. ತನ್ನ ಪಾಚಿ ಈ ದ್ವೀಪದಲ್ಲಿ ಅರ್ಥವಾದದ್ದು ಅವರೊಬ್ಬರಿಗೇ ಎಂದು ಅವನು ಇಂದಿಗೂ ಸಂಘದ ಹಬ್ಬಗಳಿಗೆ ತಪ್ಪದೆ ಬಂದು ಅಕ್ಕನ ಕಾಲಿಗೆ ನಮಸ್ಕಾರ ಮಾಡುತ್ತಾನೆ.

ಈ ಎಲ್ಲ ವೈಭವಕ್ಕೆ ಒಂದು ಸಣ್ಣ ಅಡಚಣೆ ಇತ್ತು. ನಾವಿರುವುದು ಐರ್ಲೆಂಡಿನಲ್ಲಿ! ಇಲ್ಲಿನವರು ರಾಜರಾಣಿಯರ ಸಹವಾಸವೇ ಬೇಡವೆಂದು ತಲೆಮಾರುಗಟ್ಟಲೆ ಹೊಡೆದಾಡಿ ಬಿಡಿಸಿಕೊಂಡವರು. ಅಕ್ಕನ ಪಕ್ಕದ ಮನೆಯ ಬ್ರೀಡಾ ಎಂಬ ಅಜ್ಜಿಗೆ ಈ ಡಚೆಸ್ ವಿಷಯ ತಿಳಿದಾಗ ಆಕೆ ಬೇಲಿಗೆ ಒರಗಿಕೊಂಡು ನಕ್ಕದ್ದೇ ನಕ್ಕದ್ದು. ಅಷ್ಟು ಕಷ್ಟಪಟ್ಟು ಓಡಿಸಿದ್ದನ್ನು ನೀನು ಬಸ್ಸಿನಲ್ಲಿ ಕೂರಿಸಿ ವಾಪಸ್ ಕರೆತಂದೆಯಲ್ಲ ಎಂದು ಕೇಳಿದಳು. ಆಮೇಲೆ ತಾನೇ ಒಂದು ಬುದ್ಧಿವಾದವನ್ನೂ ಹೇಳಿದಳು. ಈ ದೇಶದಲ್ಲಿ ಜನಸೇವೆ ಎಂದರೆ ರಿಬ್ಬನ್ ಕತ್ತರಿಸುವುದಲ್ಲ, ಸಾವಿನ ಮನೆಗೆ ಹೋಗುವುದು. ಗುರುತಿರಲಿ ಇಲ್ಲದಿರಲಿ, ಹೋಗಿ ಮನೆಯವರ ಕೈಕುಲುಕಿ ಬರಬೇಕು. ಹೇಳಬೇಕಾದ ಮಾತು ಒಂದೇ, "ಸಾರಿ ಫಾರ್ ಯುವರ್ ಟ್ರಬಲ್." ನಿಮಗೆ ಬಂದ ದುಃಖಕ್ಕೆ ನನಗೂ ನೋವಿದೆ ಎಂದರ್ಥ, ಅಷ್ಟು ಸಾಕು.

ಅಕ್ಕ ರೇಷ್ಮೆ ಸೀರೆ ಬದಲಿಸಿ ಬಿಳಿ ಸೀರೆ ಉಟ್ಟು ಬ್ರೀಡಾಳ ಜೊತೆ ಹೊರಟರು. ಹಿಂದೆ ನಾನು, ನನ್ನ ಹಿಂದೆ ಚೀಲ. ತೀರಿಕೊಂಡವರು ಮೂಲೆ ಮನೆಯ ತಾತ. ನಡುಮನೆಯಲ್ಲಿ ಪೆಟ್ಟಿಗೆಯೊಳಗೆ ಸೂಟು ತೊಟ್ಟು ಮಲಗಿದ್ದಾರೆ, ಸುತ್ತ ಜನ ಟೀ ಕುಡಿಯುತ್ತ, ಸ್ಯಾಂಡ್‌ವಿಚ್ ತಿನ್ನುತ್ತ, ತಾತನ ಹಳೆಯ ಪೋಕರಿತನಗಳನ್ನು ಹೇಳಿಕೊಂಡು ನಗುತ್ತಿದ್ದಾರೆ! ಸೂತಕದ ಮನೆಯಲ್ಲಿ ನೀರು ಸಹ ಮುಟ್ಟದ ಅಕ್ಕನ ಕೈಗೆ ಯಾರೋ ಹಂದಿಮಾಂಸದ ಸ್ಯಾಂಡ್‌ವಿಚ್ ಇಟ್ಟರು. ಅವರು ಅದನ್ನು ಎಡಗೈಯಲ್ಲಿ ಹಿಡಿದುಕೊಂಡೇ ಬಲಗೈಯಿಂದ ಎಲ್ಲರ ಕೈಕುಲುಕಿ ಮುಗಿಸಿ, ಸ್ಯಾಂಡ್‌ವಿಚ್ಚನ್ನು ನನ್ನ ಚೀಲಕ್ಕೆ ದಾಟಿಸಿದರು.

ಎಡವಟ್ಟಾದದ್ದು ಹೊರಡುವಾಗ. ನಮ್ಮಲ್ಲಿ ಸಾವಿನ ಮನೆಯಿಂದ ಬರುವಾಗ "ಬರ್ತೀವಿ" ಎನ್ನುವಂತಿಲ್ಲ, ಹಿಂದಿರುಗಿ ನೋಡುವಂತಿಲ್ಲ. ಅಕ್ಕ ಯಾರಿಗೂ ಹೇಳದೆ ಎದ್ದು ಸರಸರ ನಡೆದರು. ಅವರ ಕೊಡೆ ಅಲ್ಲೇ ಉಳಿದಿತ್ತು. ಹಾಲು ಮನಸ್ಸಿನ ಜನ! ತಾತನ ಮಗ ಅಪ್ಪನ ಪೆಟ್ಟಿಗೆ ಬಿಟ್ಟು ಕೊಡೆ ಹಿಡಿದು ಹಿಂದೆಯೇ ಓಡಿ ಬಂದ. ಅವನು ಕೂಗಿದಷ್ಟೂ ಅಕ್ಕ ತಿರುಗಿ ನೋಡದೆ ನಡಿಗೆ ಚುರುಕು ಮಾಡಿದರು. ಇಬ್ಬರೂ ಬೀದಿ ದಾಟಿ, ಅಂಗಡಿ ದಾಟಿ, ಬಸ್ ನಿಲ್ದಾಣ ಮುಟ್ಟಿದರು. ಅಲ್ಲಿ ಅವನು ಎದುರಿಗೇ ಬಂದು ನಿಂತು ಏದುಸಿರು ಬಿಡುತ್ತ ಕೊಡೆ ಚಾಚಿದ. ಅಕ್ಕ ಅದನ್ನು ತೆಗೆದುಕೊಂಡು, ಮತ್ತೊಮ್ಮೆ ಅವನ ಕೈಕುಲುಕಿ, ಟ್ರಬಲ್ಲಿಗೆ ಸಾರಿ ಹೇಳಿದರು. ಈ ಸಲ ಅದು ನಿಜಕ್ಕೂ ಅವರು ಕೊಟ್ಟ ಟ್ರಬಲ್ಲೇ ಆಗಿತ್ತು.

ಮನೆಗೆ ಬಂದವರೇ ಒಳಗೆ ಕಾಲಿಡದೆ, ಹಿತ್ತಲ ನಲ್ಲಿಯ ಕೆಳಗೆ ಬಕೆಟ್ಟಿಟ್ಟು ಆ ಚಳಿಯಲ್ಲಿ ತಲೆಗೆ ನೀರು ಸುರಿದುಕೊಂಡರು. ಕಿಟಕಿಯಿಂದ ನೋಡಿದ ಬ್ರೀಡಾ, ಇವರಿಗೆ ದುಃಖದಿಂದ ತಲೆ ಕೆಟ್ಟಿತೆಂದು ಟವೆಲ್ ಹಿಡಿದು ಓಡಿ ಬಂದಳು. ಆದರೂ ಅಕ್ಕ ಆ ಕರ್ತವ್ಯವನ್ನು ಬಿಡಲಿಲ್ಲ. ಅಂದಿನಿಂದ ಬೀದಿಯಲ್ಲಿ, ಪಕ್ಕದ ಬೀದಿಯಲ್ಲಿ, ಯಾರ ಮನೆಯಲ್ಲಿ ಸಾವಾದರೂ ಅವರು ಹಾಜರು. ಭಾವ ಕಾರಿನಲ್ಲೇ ಕೂತು ಕ್ರಿಕೆಟ್ ಸ್ಕೋರು ನೋಡುತ್ತಿದ್ದರು, ಡ್ಯೂಕರ ಕರ್ತವ್ಯ ಅಷ್ಟೇ.

ಸಂಜೆ ಇದರ ಸಮಗ್ರ ವರದಿ ಉಡುಪಿಗೆ ಹೋಗುತ್ತಿತ್ತು. ಯಾರ ಮನೆ, ಎಷ್ಟು ಜನ, ಯಾರು ಅಕ್ಕನನ್ನು ಗುರುತು ಹಿಡಿದರು. ಅಮ್ಮ ಎಲ್ಲ ಕೇಳಿಸಿಕೊಂಡು ಒಂದು ದಿನ ಹೇಳಿಯೇಬಿಟ್ಟರು. "ನೀನು ಹೋದದ್ದು ಸಾವಿರ ಸಲ ಹೇಳಿದಿ. ನಿನ್ನ ಮನೆಗೆ ಯಾರು ಬಂದ್ರು ಅಂತ ಒಂದು ಸಲ ಹೇಳು ಕಾಂಬ." ನೆಟ್‌ವರ್ಕ್ ಸರಿಯಿಲ್ಲ ಎಂದು ಅಕ್ಕ ಕಾಲ್ ಮುಗಿಸಿದರು. ಯಾಕೆಂದರೆ ಇಲ್ಲಿನವರು ಬೇಲಿಯ ಬಳಿ ಗಂಟೆಗಟ್ಟಲೆ ಮಾತಾಡಿಯಾರು, ಹೊಸ್ತಿಲು ದಾಟಿ ಒಳಗೆ ಬನ್ನಿ ಎಂದರೆ ತೊಂದರೆ ಬೇಡ, ಪರವಾಗಿಲ್ಲ ಎಂಬುದಕ್ಕೆ ಗ್ರ್ಯಾಂಡ್, ಗ್ರ್ಯಾಂಡ್ ಎನ್ನುತ್ತ ಹೊರಟೇಬಿಡುತ್ತಾರೆ. ಬ್ರೀಡಾ ಕೂಡ ಟವೆಲ್ ಕೊಟ್ಟು ಹಿತ್ತಲಿನಿಂದಲೇ ವಾಪಸಾದವಳು. ಆ ರಾತ್ರಿ ಅಕ್ಕ ಊಟ ಮಾಡಲಿಲ್ಲ ಎಂದು ಭಾವ ನನ್ನ ಗಂಡನಿಗೆ ಹೇಳಿದರು.

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಉಡುಪಿಯಿಂದ ಅಕ್ಕನ ತಮ್ಮ ಫೋನ್ ಮಾಡಿದ. ಅಮ್ಮ ನಿದ್ದೆಯಲ್ಲೇ ಹೋಗಿದ್ದರು. ಎಷ್ಟು ಬೇಗ ವಿಮಾನ ಹತ್ತಿದರೂ ಮುಖ ನೋಡಲು ಸಿಗುವುದಿಲ್ಲ. ಸಂಜೆಯೊಳಗೆ ಎಲ್ಲ ಮುಗಿಸುತ್ತಾರೆ. ಕರ್ಮಕ್ಕೆ ಹೋಗಲು ಭಾವ ಮರುದಿನದ ಟಿಕೆಟ್ ಮಾಡಿದರು. ನಾನು ನಮ್ಮ ಮನೆಯಿಂದ ಗಂಜಿ ತಂದೆ, ಅವರು ಮುಟ್ಟಲಿಲ್ಲ. ಸೋಫಾದ ತುದಿಯಲ್ಲಿ ಕೂತು, "ಇಲ್ಲಿ ಯಾರಿಗೂ ಹೇಳ್ಬೇಡ. ದೇಹ ಇಲ್ಲ, ಎಂತದೂ ಇಲ್ಲ. ಯಾರು ಬರ್ತಾರೆ?" ಎಂದರು.

ನಾನು ಹೇಳುವವಳಲ್ಲ. ಆದರೆ ಬಾಗಿಲಲ್ಲಿ ನನ್ನ ಮುಖ ನೋಡಿದ ಬ್ರೀಡಾ ಏನಾಯಿತೆಂದು ಕೇಳಿದಳು, ನಾನು ಅಳು ತಡೆಯಲಾಗದೆ ಹೇಳಿಬಿಟ್ಟೆ. ಮಧ್ಯಾಹ್ನ ಬೆಲ್ಲು ಹೊಡೆಯಿತು. ಹೊರಗೆ ಬ್ರೀಡಾ, ಅವಳ ಕೈಯಲ್ಲಿ ದೊಡ್ಡದೊಂದು ಕೆಟಲ್. ಹಿಂದೆ ಮೂಲೆ ಮನೆ ತಾತನ ಮಗ, ಅವನ ಹೆಂಡತಿ, ಕಸದ ಲಾರಿಯವನು, ಅಂಗಡಿಯ ಹುಡುಗಿ, ಗೇಟಿನಾಚೆ ಬೀದಿಯವರೆಗೆ ಸಾಲು. ಯಾರೂ ಗ್ರ್ಯಾಂಡ್ ಎನ್ನಲಿಲ್ಲ. ಒಬ್ಬೊಬ್ಬರೇ ಒಳಗೆ ಬಂದು ಭಾವನ ಕೈ ಹಿಡಿದರು, ಅಕ್ಕನ ಕೈ ಹಿಡಿದರು, ಪಕ್ಕದಲ್ಲಿ ನಿಂತಿದ್ದ ನನ್ನ ಕೈಯನ್ನೂ ಹಿಡಿದರು. ಅಕ್ಕನ ಮಗಳು ಅಜ್ಜಿಯ ಫೋಟೋವನ್ನು ಟಿವಿಯಲ್ಲಿ ದೊಡ್ಡದಾಗಿ ಹಾಕಿದಳು. ಬಂದವರು ಅದರ ಮುಂದೆ ಒಂದು ಗಳಿಗೆ ತಲೆ ಬಾಗಿಸಿ ನಿಂತು, ಸಿಕ್ಕಲ್ಲಿ ಕೂತರು.

ನಿಮ್ಮ ತಾಯಿ ಎಂಥವರು, ಹೇಳಿ ಎಂದು ತಾತನ ಮಗ ಕೇಳಿದ. ಸಾವಿನ ಮನೆಯಲ್ಲಿ ನಮ್ಮವರು ಹಾಗೆ ಕೇಳುವುದಿಲ್ಲ. ಅಕ್ಕ ಟಿವಿಯ ಫೋಟೋ ಕಡೆ ನೋಡಿ, ಬಾಯಿ ಜೋರು ಎಂದರು. ಆಮೇಲೆ ತಮ್ಮ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳತೊಡಗಿದರು. ಹೆಣ್ಣು ನೋಡಲು ಬಂದ ಭಾವನಿಗೆ ಅಮ್ಮ ಬಾವಿಯಿಂದ ನೀರು ಸೇದಲು ಹೇಳಿದ್ದು, ಭಾವ ಕೊಡವನ್ನು ಹಗ್ಗದ ಸಮೇತ ಬಾವಿಗೆ ಬೀಳಿಸಿದ್ದು, ಕೊಡ ಮೇಲೆ ಬರುವವರೆಗೂ ಅಮ್ಮ ಗಂಡಿನ ಕಡೆಯವರಿಗೆ ಕಾಫಿ ಕೊಡದೆ ಕೂರಿಸಿದ್ದು. ಎಲ್ಲರೂ ಭಾವನ ಕಡೆ ತಿರುಗಿದರು. ಹೌದು ಎಂದು ಭಾವ ತಲೆಯಾಡಿಸಿದರು. ಮನೆ ತುಂಬ ನಗು! ಅಕ್ಕನೂ ನಕ್ಕರು, ನಗುತ್ತ ನಗುತ್ತಲೇ ಬೆಳಗಿನಿಂದ ಬಾರದಿದ್ದ ಅಳು ಬಂತು. ಬ್ರೀಡಾ ಪಕ್ಕದಲ್ಲಿ ಕೂತು ಅವರ ಬೆನ್ನು ಸವರಿದಳು.

ಆ ಹೊತ್ತಿಗೆ ಉಡುಪಿಯಿಂದ ವಿಡಿಯೋ ಕಾಲ್ ಬಂತು. ಸ್ಮಶಾನದಿಂದ ಬಂದು ಸ್ನಾನ ಮಾಡಿ ಒದ್ದೆ ತಲೆಯಲ್ಲೇ ಕೂತಿದ್ದ ತಮ್ಮ, ಗದ್ದಲ ಕೇಳಿ ಯಾರಕ್ಕ ಅವರೆಲ್ಲ ಎಂದ.

"ನಮ್ಮ ಬೀದಿಯವರು. ಅಮ್ಮನಿಗೆ ಅಂತ ಬಂದದ್ದು" ಎಂದು ಅಕ್ಕ ಫೋನನ್ನು ಮೇಲೆತ್ತಿ, ಸೋಫಾದಿಂದ ಮೆಟ್ಟಿಲವರೆಗೆ, ಮೆಟ್ಟಿಲಿನಿಂದ ಬಾಗಿಲವರೆಗೆ, ಒಬ್ಬರೂ ತಪ್ಪದಂತೆ ನಿಧಾನವಾಗಿ ತೋರಿಸಿದರು. ಫೋನಿಟ್ಟ ಮೇಲೆ ನನ್ನ ಕಿವಿಯ ಹತ್ತಿರ ಬಾಗಿದರು.

"ಇವರೆಲ್ಲ ನಿನ್ನೆ ಬಂದಿದ್ರೆ ಅಮ್ಮನಿಗೆ ತೋರಿಸ್ಬಹುದಿತ್ತಲ್ಲ ಮಾರಾಯ್ತಿ."

ಬಾಗಿಲಲ್ಲಿ ಇನ್ನೂ ಜನ ಬರುತ್ತಿದ್ದರು. ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎದ್ದು ನಿಂತು, ಎದುರಿಗಿದ್ದವರಿಗೆ ಕೈ ಚಾಚಿದರು.