ಮೇಷ್ಟ್ರು ಬರೆದ ದೇವರು

ಬೆಳಿಗ್ಗೆ ಬಾಗಿಲು ತೆಗೆದ ಕರಡಪ್ಪನ ಹೊಟ್ಟೆಗೆ ಕಿಚ್ಚು ಹತ್ತಿದ್ದು ಒಂದು ಹಿಡಿ ಹೂವಿನಿಂದ. ಎದುರಿನ ಅಂಚೆ ಡಬ್ಬಿಯ ಮೇಲೆ ಯಾರೋ ಹೂವಿಟ್ಟು, ಕೈಮುಗಿದು ಹೋಗಿದ್ದರು.

ಇದಕ್ಕೆಲ್ಲ ಕಾರಣ ಪಕ್ಕದ ಮನೆಯ ಮೇಷ್ಟ್ರು. ಅವರ ಕಾದಂಬರಿಯಲ್ಲಿ ಬಡ ಅಂಚೆಯವನೊಬ್ಬ ಪರದೇಶದ ದೊರೆಗೆ ಎದೆಯೊಡ್ಡಿ ನಿಲ್ಲುತ್ತಾನೆ. ಓದಿದವರು ಅವನನ್ನು ದೇವರನ್ನೇ ಮಾಡಿಬಿಟ್ಟಿದ್ದರು. ಅಚ್ಚುಕೂಟದಲ್ಲಿ ಕರಡು ತಿದ್ದುವ ಕರಡಪ್ಪನೂ ಒಂದು ಕಾದಂಬರಿ ಬರೆದಿದ್ದ. ಅದರಲ್ಲಿ ಜನ ದೊರೆಯ ಟಾರ್ಚಿನ ಬೆಳಕು ಕಂಡು ದೊರೆಯನ್ನೇ ದೇವರೆಂದು ಪೂಜಿಸುತ್ತಾರೆ. ಹನ್ನೊಂದು ವರ್ಷದಿಂದ ಅದು ಮಾಲೀಕರ ಬೀರುವಿನಲ್ಲಿ ಬೆಚ್ಚಗಿತ್ತು.

“ಈ ವರ್ಷ ಒಂದೇ ಪುಸ್ತಕ ರೀ,” ಎಂದರು ಮಾಲೀಕರು, ಅವನು ಕೆಲಸಕ್ಕೆ ಹೋದ ಕೂಡಲೇ. “ಮೇಷ್ಟ್ರದ್ದು ಮರುಮುದ್ರಣವೋ, ನಿಮ್ಮದೋ, ಸಂಜೆ ಗ್ರಂಥಾಲಯದಲ್ಲಿ ಮೇಷ್ಟ್ರ ಪುಸ್ತಕದ ಸಭೆ ಇದೆಯಲ್ಲ, ಅದನ್ನ ನೋಡ್ಕೊಂಡು ಹೇಳ್ತೀನಿ.”

ಮಧ್ಯಾಹ್ನ ಊಟಕ್ಕೆ ಬಂದರೆ ಹೆಂಡತಿ ಮೇಷ್ಟ್ರ ಪುಸ್ತಕ ಹಿಡಿದು ಕಣ್ಣೊರೆಸಿಕೊಳ್ಳುತ್ತಿದ್ದಳು.

“ಎಂಥಾ ಗಂಡಸು ರೀ ಈ ಅಂಚೆಯವನು!”

“ಅವನು ಹುಟ್ಟೇ ಇಲ್ಲ ಕಣೇ!”

“ಹುಟ್ಟಿರೋರು ಏನು ಕಡಿದು ಕಟ್ಟೆ ಹಾಕಿದ್ದಾರೆ?”

ಕರಡಪ್ಪ ಅರ್ಧ ಊಟಕ್ಕೇ ಕೈತೊಳೆದ. ಇಲ್ಲದ ಮನುಷ್ಯನ ಮೇಲೆ ಇಷ್ಟು ಹೊಟ್ಟೆಕಿಚ್ಚು ಪಟ್ಟವನು ಲೋಕದಲ್ಲಿ ಇವನೊಬ್ಬನೇ ಇರಬೇಕು.

ಸಂಜೆ ಗ್ರಂಥಾಲಯದ ಸಭೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಂಚೆಯವನ ಗುಣಗಾನ ಕೇಳಿ ಕೇಳಿ ಕಿವಿ ಕಾದ ಕರಡಪ್ಪ ಧಡಕ್ಕನೆ ಎದ್ದು, ಬಾಯಿಗೆ ಬಂದ ಸುಳ್ಳೊಂದನ್ನು ಒಗೆದ.

“ನಿಲ್ಸ್ರೀ! ಆ ಅಂಚೆಯವನು ಬೇರೆ ಯಾರೂ ಅಲ್ಲ, ನಮ್ಮಜ್ಜ! ದೇವರಂತೆ ದೇವರು! ದೊರೆ ನಾಯಿ ಬೊಗಳಿದ್ರೆ ಮರ ಹತ್ತುತ್ತಿದ್ದ. ದೊರೆ ಬೂಟು ಒರೆಸ್ಕೊಂಡು ಬಿದ್ದಿದ್ದ!”

ಸಭೆಯವರೆಲ್ಲ ಅವನತ್ತ ತಿರುಗಿದರು. ಮೇಷ್ಟ್ರ ಕತೆ ಮುಗಿಯಿತು ಎಂದು ಕರಡಪ್ಪ ಒಳಗೊಳಗೇ ಹಿಗ್ಗಿದ.

ಗ್ರಂಥಪಾಲಕಿ ಮೆಲ್ಲನೆ ಎದ್ದು ಕೇಳಿದರು: “ಹಾಗಾದ್ರೆ... ನೀವು ಅವರ ಸ್ವಂತ ಮೊಮ್ಮಗನಾ?”

ಅಷ್ಟೇ, ಜನ ಮುಗಿಬಿದ್ದು ಅವನ ಕಾಲು ಹಿಡಿದರು.

“ಅಯ್ಯೋ, ಸುಳ್ಳು ಹೇಳ್ದೆ! ನಮ್ಮಜ್ಜ ದರ್ಜಿ!”

“ದೊಡ್ಡ ಮನೆತನದೋರು ಹೀಗೇ, ತಮ್ಮ ದೊಡ್ಡಸ್ತಿಕೆ ಹೇಳ್ಕೊಳ್ಳಲ್ಲ,” ಎಂದು ಇನ್ನೂ ಗಟ್ಟಿಯಾಗಿ ಹಿಡಿದರು.

ಮಾಲೀಕರು ಕಣ್ಣು ತುಂಬಿಕೊಂಡು ಬಂದರು. “ನಿಮ್ಮ ಕಾದಂಬರಿ ಬೇಡ ರೀ. ದೊರೇನ ದೇವರು ಮಾಡೋ ಕತೆ ನಿಮ್ಮಂಥ ವಂಶದವರ ಹೆಸರಲ್ಲಿ ಬಂದ್ರೆ ಅಜ್ಜನಿಗೆ ಅವಮಾನ. ಯಾರ ಕಣ್ಣಿಗೂ ಬೀಳದ ಹಾಗೆ ನಾನೇ ಸುಟ್ಟುಬಿಡ್ತೀನಿ.”

ಅಷ್ಟರಲ್ಲಿ ಮೇಷ್ಟ್ರು ಪುಟ್ಟ ನೋಟ್‌ಬುಕ್ಕು ತೆರೆದು ಪೆನ್ನು ಹಿಡಿದು ನಿಂತಿದ್ದರು.

“ಅಜ್ಜ ಮರ ಹತ್ತಿದ್ದು ಇನ್ನೊಂದ್ಸಲ ಹೇಳಿ ಕರಡಪ್ಪನೋರೇ. ಭಕ್ತರನ್ನ ಪರೀಕ್ಷೆ ಮಾಡೋಕೇ ಹತ್ತಿರಬೇಕು. ಎರಡನೇ ಭಾಗಕ್ಕೆ ಬೇಕು ನನಗೆ. ಕರಡು ಮಾತ್ರ ನೀವೇ ತಿದ್ದಬೇಕು. ನಿಮ್ಮ ಮನೆ ಕತೆ, ಒಂದು ತಪ್ಪೂ ಬರಬಾರದು.”